ಬೂಷ್ಟು ಹಿಡಿದ ಹಲಗೆಗೆ ಬಿರುಸಿನ ನೀರು: ಓದುಗರ ಪ್ರಶ್ನೆಗಳಿಗೆ ಉತ್ತರ

ಮರದ ಡೆಕ್ (ಮನೆಗೆ ತಾಗಿದ ಹಲಗೆಯ ತೆರೆದ ಜಗಲಿ) ಮತ್ತು ಹೊರಗೋಡೆಗೆ ಹೊದಿಸುವ ಪಟ್ಟಿಗಳಾದ ಸೈಡಿಂಗ್ ಮೇಲಿನ ಬೂಷ್ಟಿಗೆ, ನೀರನ್ನು ಒತ್ತಡದಿಂದ ಚಿಮ್ಮಿಸುವ ಪ್ರೆಷರ್ ವಾಷರ್ ಯಂತ್ರ ಮದ್ದಲ್ಲ, ಅದು ಕೇವಲ ತೊಳೆಯುವ ಸಾಧನ ಎಂದು ಕಳೆದ ಸಂಚಿಕೆಯಲ್ಲಿ ಓದುಗರೊಬ್ಬರಿಗೆ ಎರಡೇ ಸಾಲಿನ ಉತ್ತರ ಕೊಟ್ಟಿದ್ದೆ. ಆ ಮಾತನ್ನು ಒಪ್ಪದವರೂ, ಒಪ್ಪಿ ವಿವರ ಕೇಳಿದವರೂ ಬರೆದ ಪತ್ರಗಳು ಸಾಕಷ್ಟು ಬಂದಿರುವುದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇನೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಪತ್ರಗಳನ್ನು ಚಿಕ್ಕದಾಗಿಸಿದ್ದೇನೆ.

ಪ್ರಶ್ನೆ: ಮನೆಯ ಹಿಂಬದಿಯ ಮರದ ಡೆಕ್ ಕಪ್ಪಾಗಿತ್ತು. ಬಾಡಿಗೆಗೆ ಪ್ರೆಷರ್ ವಾಷರ್ ತಂದು ತೊಳೆದಾಗ ಹೊಸ ಮರದಂತೆ ಕಂಡಿತು. ಆದರೆ ಮೂರೇ ತಿಂಗಳಲ್ಲಿ ಮೊದಲಿಗಿಂತ ಹೆಚ್ಚು ಕಪ್ಪಾಗಿದೆ, ಹಲಗೆಗಳ ಮೇಲೆ ಹತ್ತಿಯಂತೆ ನಾರು ಎದ್ದಿದೆ. ಯಂತ್ರದ ಒತ್ತಡ ಸಾಲಲಿಲ್ಲವೇ?

ಉತ್ತರ: ಒತ್ತಡ ಸಾಲದೆ ಹೋದದ್ದಲ್ಲ, ಮಿತಿಮೀರಿದ್ದು. ನೀವು ಬರೆದಿರುವ ಆ ಹತ್ತಿಯಂಥ ನಾರೇ ಅದಕ್ಕೆ ಸಾಕ್ಷಿ. ಮರದ ಒಂದೊಂದು ವಾರ್ಷಿಕ ಉಂಗುರದಲ್ಲೂ ಎರಡು ಪದರಗಳಿರುತ್ತವೆ. ಬೆಳವಣಿಗೆಯ ಹಂಗಾಮಿನ ಆರಂಭದಲ್ಲಿ ಬೇಗಬೇಗ ಬೆಳೆದ ಪದರ ಮೆತ್ತಗೆ, ತಿಳಿಬಣ್ಣದಲ್ಲಿರುತ್ತದೆ; ಹಂಗಾಮಿನ ಕೊನೆಗೆ ನಿಧಾನವಾಗಿ ಬೆಳೆದದ್ದು ಗಟ್ಟಿಯಾಗಿ, ಗಾಢ ಬಣ್ಣದಲ್ಲಿರುತ್ತದೆ. ಬಿರುಸಿನ ನೀರು ಮೊದಲು ಮೆತ್ತನೆಯ ಪದರವನ್ನು ಕೊರೆದುಕೊಂಡು ಹೋಗುತ್ತದೆ, ಗಟ್ಟಿ ಪದರ ಏಣುಗಳಾಗಿ ಉಳಿಯುತ್ತದೆ. ಒಣಗಿದ ಹಲಗೆಯ ಮೇಲೆ ಬೆರಳಾಡಿಸಿ ನೋಡಿ, ಉತ್ತ ಹೊಲದ ಸಾಲುಗಳ ಹಾಗೆ ಉಬ್ಬುತಗ್ಗು ಸಿಗುತ್ತದೆ. ಆ ತಗ್ಗುಗಳಲ್ಲಿ ಮಳೆನೀರು ನಿಲ್ಲುತ್ತದೆ. ಧೂಳು, ಹೂವಿನ ಪರಾಗ, ಎಲೆಯ ಚೂರು ಸೇರಿಕೊಳ್ಳುತ್ತವೆ. ಬೂಷ್ಟಿಗೆ ಇದಕ್ಕಿಂತ ಒಳ್ಳೆಯ ಪಾತಿಯನ್ನು ನಾವು ಬೇಕೆಂದು ಮಾಡಿದರೂ ಸಿದ್ಧಪಡಿಸಲಾರೆವು.

ಎರಡನೆಯ ಕಾರಣ ಬೂಷ್ಟಿನ ಸ್ವಭಾವಕ್ಕೇ ಸೇರಿದ್ದು. ಕಣ್ಣಿಗೆ ಕಾಣುವ ಕಪ್ಪು ಮೇಲಿನ ಬೆಳೆ ಮಾತ್ರ. ಅದರ ಎಳೆಗಳು ಮರದ ರಂಧ್ರಗಳೊಳಗೆ ಇಳಿದಿರುತ್ತವೆ. ನೀರು ಮೇಲಿನದನ್ನು ಒಯ್ದು, ಒಳಗಿನದಕ್ಕೆ ಸಮೃದ್ಧವಾಗಿ ತೇವ ಉಣಿಸುತ್ತದೆ. ಸಾಲದ್ದಕ್ಕೆ ಬೂಷ್ಟಿನ ಬೀಜಕಣಗಳು ಎಲ್ಲ ಕಡೆಯ ಗಾಳಿಯಲ್ಲೂ ಸದಾ ಇರುವುದರಿಂದ, ಒಮ್ಮೆ ತೊಳೆದು ಶಾಶ್ವತವಾಗಿ ಮುಕ್ತರಾಗುವ ಮಾತೇ ಇಲ್ಲ. ಬೂಷ್ಟನ್ನು ಕೊಲ್ಲುವ ಕೆಲಸ ದ್ರಾವಣದ್ದು, ಅದು ಮರಳದಂತೆ ತಡೆಯುವ ಕೆಲಸ ಬಿಸಿಲು ಮತ್ತು ಗಾಳಿಯದು. ಇವೆರಡರ ನಡುವೆ ಕೊಳೆಯನ್ನು ಹರಿಸಿಬಿಡುವುದಷ್ಟೇ ಯಂತ್ರದ ಪಾಲಿನ ಕೆಲಸ. ಅಷ್ಟು ಸಣ್ಣ ಕೆಲಸಕ್ಕೆ ಪೂರ್ತಿ ಒತ್ತಡ ಹಾಕುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ.

ಹಾಗಾದರೆ ಎಷ್ಟು ಒತ್ತಡ? ಅದರ ಅಳತೆ ಪಿಎಸ್‌ಐ, ಅಂದರೆ ಚದರ ಅಂಗುಲಕ್ಕೆ ಇಷ್ಟು ಪೌಂಡ್. ಪೈನ್, ಸೀಡರ್‌ನಂಥ ಮೆದು ಮರಗಳಿಗೆ 500ರಿಂದ 600 ಪಿಎಸ್‌ಐ ಧಾರಾಳವಾಯಿತು. ಗಟ್ಟಿ ಮರಕ್ಕೆ 1200ರ ಆಸುಪಾಸು, ಏನೇ ಆದರೂ 1500 ದಾಟಬಾರದು. ನಿಮ್ಮ ಯಂತ್ರದಲ್ಲಿ ಬಾರ್ ಲೆಕ್ಕವಿದ್ದರೆ 100 ಬಾರ್ ಎಂದರೆ ಸುಮಾರು 1450 ಪಿಎಸ್‌ಐ ಎಂದು ನೆನಪಿಡಿ. ಬಾಡಿಗೆಗೆ ಸಿಗುವ ಪೆಟ್ರೋಲ್ ಯಂತ್ರಗಳು ಸಾಮಾನ್ಯವಾಗಿ 2500ರಿಂದ 4000 ಪಿಎಸ್‌ಐನವು. ಅವು ಕಾಂಕ್ರೀಟಿಗೆ ಸರಿ, ಮರಕ್ಕಲ್ಲ.

ಒತ್ತಡದಷ್ಟೇ ಮುಖ್ಯವಾದದ್ದು ನಾಝಲ್ (ನೀರು ಚಿಮ್ಮುವ ಮೂತಿ) ಮತ್ತು ದೂರ. ನಾಝಲ್‌ಗಳಿಗೆ ನೀರು ಹರಡುವ ಕೋನಕ್ಕೆ ತಕ್ಕಂತೆ ಬಣ್ಣದ ಗುರುತಿರುತ್ತದೆ: ಕೆಂಪು 0 ಡಿಗ್ರಿ, ಹಳದಿ 15, ಹಸಿರು 25, ಬಿಳಿ 40, ಸೋಪಿನ ದ್ರಾವಣಕ್ಕೆ ಕಪ್ಪು. ಮರಕ್ಕೆ ಬಿಳಿ ಹಾಕಿ, ತೀರಾ ಬೇಕಾದರೆ ಹಸಿರು. ಬಿಳಿ ನಾಝಲ್‌ನ ನೀರು 30 ಸೆಂಟಿಮೀಟರ್ ದೂರದಲ್ಲಿ ಸುಮಾರು 22 ಸೆಂಟಿಮೀಟರ್ ಅಗಲಕ್ಕೆ ಹರಡುತ್ತದೆ, 15 ಸೆಂಟಿಮೀಟರಿಗೆ ಬಗ್ಗಿದಿರಾದರೆ ಅಷ್ಟೇ ನೀರು 11 ಸೆಂಟಿಮೀಟರ್ ಪಟ್ಟಿಯ ಮೇಲೆ ಬಡಿಯುತ್ತದೆ. ಕಲೆ ಹೋಗಲಿಲ್ಲವೆಂದು ನಾಝಲನ್ನು ಹತ್ತಿರ ಒಯ್ಯುವುದು ಎಲ್ಲರ ಕೈಗೂ ತಾನಾಗಿ ಬರುವ ಅಭ್ಯಾಸ. ಹಲಗೆ ಹಾಳಾಗುವುದು ಆ ಗಳಿಗೆಯಲ್ಲೇ. ಮೊದಲ ಸಲ ಇಂಥ ಯಂತ್ರ ಹಿಡಿದ ದಿನ, ಕೊಳೆ ಬಹಳವಿದೆ ಎಂಬ ತರ್ಕದಿಂದ ನಾನು ಕೆಂಪು ನಾಝಲ್ ಸಿಕ್ಕಿಸಿ ಒಂದು ಹಲಗೆಯ ಮೇಲೆ ಗೆರೆ ಎಳೆದಿದ್ದೆ. ಪೆನ್ಸಿಲಿನಷ್ಟು ದಪ್ಪದ ಆ ಕೊರಕಲು ಇವತ್ತಿಗೂ ಒಂದು ಹೂಕುಂಡದ ಕೆಳಗೆ ಅಡಗಿ ಕುಳಿತಿದೆ. ಇದನ್ನು ಬರೆಯುವ ಅರ್ಹತೆ ನನಗೆ ಬಂದದ್ದೇ ಅಲ್ಲಿಂದ.

ಈಗ ಎದ್ದಿರುವ ನಾರಿಗೆ ಪರಿಹಾರವೆಂದರೆ ಹಲಗೆಗಳನ್ನು ಚೆನ್ನಾಗಿ ಒಣಗಲು ಬಿಟ್ಟು, 60ರಿಂದ 80 ಗ್ರಿಟ್‌ನ ಉಪ್ಪುಕಾಗದದಿಂದ ಮರದ ಎಳೆಯ ದಿಕ್ಕಿನಲ್ಲಿ ಉಜ್ಜುವುದು. ಹಾಗೇ ಬಿಟ್ಟರೆ ಬರಿಗಾಲಿಗೆ ಸಿಬಿರು ಚುಚ್ಚುವುದು ಖಂಡಿತ. ಆದರೆ ನಿಮ್ಮದು ಹಳೆಯ ಕಾಲದ, ಕ್ರೋಮಿಯಂ, ತಾಮ್ರ ಮತ್ತು ಆರ್ಸೆನಿಕ್ ಉಣಿಸಿದ ಸಂರಕ್ಷಿತ ಮರವಾಗಿದ್ದರೆ ಉಜ್ಜಬೇಡಿ, ಅದರ ಪುಡಿ ವಿಷ. ಅಂಥ ಮರವನ್ನು ಬಿರುಸಿನ ನೀರಿನಿಂದ ತೊಳೆಯುವುದೂ, ಬ್ಲೀಚ್ ಅಥವಾ ಆಮ್ಲದ ದ್ರಾವಣ ಹಚ್ಚುವುದೂ ಒಳಗಿನ ವಿಷವನ್ನು ಹೊರಕ್ಕೆ ಬಿಡಿಸುವ ಕೆಲಸವಾದ್ದರಿಂದ, ಸೌಮ್ಯವಾದ ಸೋಪು, ಮೆತ್ತನೆಯ ಬ್ರಷ್ ಮತ್ತು ತೋಟದ ಪೈಪಿನ ನೀರಿಗೇ ನಿಲ್ಲಿಸಿ.

ಪ್ರಶ್ನೆ: ಹಲಗೆಯ ಮೇಲಿನ ಕಪ್ಪು ಬೂಷ್ಟೋ, ಬರಿಯ ಕೊಳೆಯೋ ತಿಳಿಯುವುದು ಹೇಗೆ?

ಉತ್ತರ: ಒಂದು ಹನಿ ಮನೆಬಳಕೆಯ ಬ್ಲೀಚ್ ಸಾಕು. ಕಲೆಯ ಮೇಲೆ ಹನಿ ಬಿಟ್ಟು ಒಂದೆರಡು ನಿಮಿಷ ಕಾಯಿರಿ. ಹನಿ ಬಿದ್ದ ಜಾಗ ದುಂಡಗೆ ತಿಳಿಯಾಗುತ್ತಾ ಬಂದರೆ ಅದು ಬೂಷ್ಟು ಅಥವಾ ಪಾಚಿ. ಏನೂ ಬದಲಾಗದೆ ಕಪ್ಪು ಕಪ್ಪಾಗಿಯೇ ಉಳಿದರೆ ಕೊಳೆ, ಇಲ್ಲವೇ ಕಬ್ಬಿಣದ ಕಲೆ. ಕಬ್ಬಿಣದ ಕಲೆ ಬಹಳ ಜನರನ್ನು ಮೋಸಗೊಳಿಸುತ್ತದೆ. ಮರದಲ್ಲಿರುವ ಟ್ಯಾನಿನ್ ಎಂಬ ಒಗರು ಪದಾರ್ಥವೂ ಮೊಳೆಯ ಕಬ್ಬಿಣವೂ ನೀರಿನಲ್ಲಿ ಕೂಡಿದರೆ ಶಾಯಿಯಂಥ ನೀಲಿಗಪ್ಪು ಬಣ್ಣ ಬರುತ್ತದೆ. ಮೊಳೆಯ ತಲೆಯಿಂದ ಬಾಲದಂತೆ ಇಳಿದ ಕಪ್ಪು ಗೆರೆ ಕಂಡರೆ ಅದನ್ನು ತೆಗೆಯುವುದು ಆಕ್ಸಾಲಿಕ್ ಆಮ್ಲದ ದ್ರಾವಣ. ಬ್ಲೀಚ್ ಎಷ್ಟು ಸುರಿದರೂ ವ್ಯರ್ಥ. ಇದೇ ಕಾರಣಕ್ಕೆ ಮರವನ್ನು ತಂತಿಯ ಬ್ರಷ್ಷಿನಿಂದ ಉಜ್ಜಬಾರದು. ಉದುರಿದ ಕಬ್ಬಿಣದ ಕಣ ಒಂದೊಂದೂ ಮುಂದೆ ಒಂದು ಕಪ್ಪು ಚುಕ್ಕೆಯಾಗುತ್ತದೆ.

ಬಣ್ಣ ಬಳಿದ ಅಥವಾ ಎಣ್ಣೆ ಹಚ್ಚಿದ ಮೈಮೇಲೆ ಕಾಣುವ ಕಪ್ಪಿನಲ್ಲಿ ಬಹುಪಾಲು ಆರಿಯೊಬೇಸಿಡಿಯಂ ಪುಲ್ಯುಲನ್ಸ್ ಎಂಬ ಶಿಲೀಂಧ್ರದ್ದು. ಅಗಸೆ ಎಣ್ಣೆ ಇದಕ್ಕೆ ಒಳ್ಳೆಯ ಆಹಾರ. ಹಾಗಾಗಿ, ಮರಕ್ಕೆ ಒಳ್ಳೆಯದೆಂದು ನಂಬಿ ಬರಿಯ ಅಗಸೆ ಎಣ್ಣೆ ಬಳಿದವರ ಡೆಕ್ ಕೆಲವೇ ತಿಂಗಳಲ್ಲಿ ಕಪ್ಪಾಗುವುದರಲ್ಲಿ ಆಶ್ಚರ್ಯವಿಲ್ಲ. ಹಸಿರಾಗಿ ಜಾರುವುದು ಪಾಚಿ. ಅದಕ್ಕೆ ಬೆಳಕು, ತೇವ ಇದ್ದರಾಯಿತು, ಎಣ್ಣೆಯ ಹಂಗೂ ಬೇಕಿಲ್ಲ.

ಪ್ರಶ್ನೆ: ಬ್ಲೀಚ್ ಹಾಕಬೇಕೇ, ಆಕ್ಸಿಜನ್ ಬ್ಲೀಚ್ ಹಾಕಬೇಕೇ? ಅಂಗಡಿಯವರು ಒಂದು ಹೇಳಿದರೆ ಬಣ್ಣದವರು ಇನ್ನೊಂದು ಹೇಳುತ್ತಾರೆ.

ಉತ್ತರ: ಮರಕ್ಕೆ ಆಕ್ಸಿಜನ್ ಬ್ಲೀಚ್ ಎಂಬುದು ನನ್ನ ಅಭಿಪ್ರಾಯ. ಸಾಧಾರಣ ಬ್ಲೀಚಿನಲ್ಲಿರುವ ಸೋಡಿಯಂ ಹೈಪೋಕ್ಲೋರೈಟ್ ಬೂಷ್ಟನ್ನು ಕೊಲ್ಲುವುದು ನಿಜ, ಆದರೆ ಜೊತೆಗೇ ಮರದ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಎಂಬ ಅಂಟನ್ನೂ ತಿನ್ನುತ್ತದೆ, ಹಲಗೆಗೆ ಜೀವವಿಲ್ಲದ ಬಿಳಿಚು ಬಣ್ಣ ಬರಿಸುತ್ತದೆ, ಮೊಳೆ ಮತ್ತು ಸ್ಕ್ರೂಗಳಿಗೆ ತುಕ್ಕು ಹಿಡಿಸುತ್ತದೆ. ಕಪಾಟಿನಲ್ಲಿ ತಿಂಗಳುಗಟ್ಟಲೆ ಕುಳಿತ ಬ್ಲೀಚ್ ತನ್ನ ಶಕ್ತಿಯನ್ನೂ ಕಳೆದುಕೊಂಡಿರುತ್ತದೆ. ಆಕ್ಸಿಜನ್ ಬ್ಲೀಚ್ ಎಂದು ಮಾರುವ ಪುಡಿ ಸೋಡಿಯಂ ಪರ್‌ಕಾರ್ಬೊನೇಟ್. ನೀರಿಗೆ ಬಿದ್ದಾಗ ಅದು ಹೈಡ್ರೋಜನ್ ಪೆರಾಕ್ಸೈಡ್ ಆಗಿಯೂ ವಾಷಿಂಗ್ ಸೋಡಾ ಆಗಿಯೂ ಒಡೆಯುತ್ತದೆ. ಬೆಚ್ಚಗಿನ ನೀರಿನಲ್ಲಿ ಕಲಸಿ, ಕಲಸಿದ ದಿನವೇ ಬಳಸಿ ಮುಗಿಸಿ. ಉಳಿದದ್ದನ್ನು ಮುಚ್ಚಳ ಬಿಗಿದು ಇಟ್ಟರೆ ಒಳಗೆ ಆಮ್ಲಜನಕ ತುಂಬಿ ಡಬ್ಬಿ ಸಿಡಿಯಬಹುದು.

ಮಾಡುವ ಕ್ರಮ ಹೀಗೆ. ಮೊದಲು ಹಲಗೆಗಳ ನಡುವಿನ ಸಂದಿಗಳಲ್ಲಿ ಕೊಳೆತು ಕುಳಿತಿರುವ ಎಲೆ ಮಣ್ಣುಗಳನ್ನು ತೆಳುವಾದ ಪಟ್ಟಿಯಿಂದ ಕೆದಕಿ ತೆಗೆಯಿರಿ. ಈ ಬೇಸರದ ಕೆಲಸವನ್ನು ಬಿಟ್ಟರೆ ಉಳಿದದ್ದೆಲ್ಲ ಅರ್ಧಂಬರ್ಧ. ಸುತ್ತಲಿನ ಗಿಡಗಳ ಎಲೆ ಮತ್ತು ಬುಡಕ್ಕೆ ಚೆನ್ನಾಗಿ ನೀರು ಹಾಕಿ, ಕೆಲಸ ಮುಗಿದ ಮೇಲೆ ಇನ್ನೊಮ್ಮೆ ತೊಳೆಯಿರಿ. ಹಲಗೆಗಳನ್ನು ನೆನೆಸಿ, ದ್ರಾವಣ ಹರಡಿ, 10ರಿಂದ 15 ನಿಮಿಷ ಬಿಡಿ. ಬಿಸಿಲಿನಲ್ಲಿ ಅದು ಒಣಗದಂತೆ ನಡುವೆ ಸ್ವಲ್ಪ ಚಿಮುಕಿಸುತ್ತಿರಬೇಕು. ಮೋಡವಿರುವ ಬೆಳಿಗ್ಗೆಯಾದರೆ ಈ ತಾಪತ್ರಯವಿಲ್ಲ. ಬಿಳಿ ನೊರೆ ನಿಧಾನವಾಗಿ ಕಂದಾಗುತ್ತಾ ಬರುವಾಗ ನೈಲಾನ್ ಬ್ರಷ್ಷಿನಿಂದ ಎಳೆಯ ದಿಕ್ಕಿಗೆ ಉಜ್ಜಿ. ಯಂತ್ರದ ಸರದಿ ಈಗ. ಗನ್ನಿನ ಕುದುರೆಯನ್ನು ಹಲಗೆಯಾಚೆ ಒತ್ತಿ, ನೀರು ಹರಿಯುತ್ತಿರುವಂತೆಯೇ ಹಲಗೆಯ ಮೇಲೆ ತಂದು, ಒಂದೇ ಎತ್ತರದಲ್ಲಿ, ಒಂದೇ ವೇಗದಲ್ಲಿ, ನಡುವೆ ನಿಲ್ಲಿಸದೆ ಹಲಗೆಯ ಉದ್ದಕ್ಕೂ ಸಾಗಿಸಿ. ನಿಂತ ಕಡೆಯಲ್ಲೆಲ್ಲ ಚಂದ್ರಾಕಾರದ ಗುರುತು ಬೀಳುತ್ತದೆ. ಚಿಕ್ಕ ಡೆಕ್ಕಿಗಾದರೆ ತೋಟದ ಪೈಪೇ ಸಾಕೆಂದು ನಾನು ಹೇಳಿದರೆ ಯಂತ್ರ ಕೊಂಡವರಿಗೆ ಬೇಸರವಾದೀತು, ಆದರೂ ಸತ್ಯ ಅದೇ.

ಪರ್‌ಕಾರ್ಬೊನೇಟ್ ಕ್ಷಾರವಾದ್ದರಿಂದ ಸೀಡರ್‌ನಂಥ ಮರಗಳು ತೊಳೆದ ಮೇಲೆ ಕಂದುಗಪ್ಪಾಗಿ ಕಾಣಬಹುದು. ತೆಳುವಾದ ಆಕ್ಸಾಲಿಕ್ ಆಮ್ಲದ ದ್ರಾವಣ ಹಚ್ಚಿ ತೊಳೆದರೆ ಬಣ್ಣ ಮರಳುತ್ತದೆ. ಇಲ್ಲಿ ಒಂದು ಕಟ್ಟುನಿಟ್ಟಿನ ಎಚ್ಚರಿಕೆ: ಕ್ಲೋರಿನ್ ಬ್ಲೀಚನ್ನು ಯಾವ ಆಮ್ಲದ ಜೊತೆಗೂ, ವಿನೆಗರ್ ಜೊತೆಗೂ ಬೆರೆಸಬಾರದು, ಕ್ಲೋರಿನ್ ಅನಿಲ ಏಳುತ್ತದೆ. ಅಮೋನಿಯಾ ಇರುವ ಕ್ಲೀನರ್ ಜೊತೆ ಬೆರೆತರೆ ಏಳುವುದು ಕ್ಲೋರಮೈನ್, ಅದೂ ಶ್ವಾಸಕೋಶಕ್ಕೆ ವಿಷವೇ. ಬಕೆಟ್ ಬೇರೆ, ಬ್ರಷ್ ಬೇರೆ ಇರಲಿ. ಒಂದನ್ನು ಪೂರ್ತಿ ತೊಳೆದುಬಿಟ್ಟ ಮೇಲಷ್ಟೇ ಇನ್ನೊಂದನ್ನು ಮುಟ್ಟಿ.

ಪ್ರಶ್ನೆ: ವಿನೈಲ್ (ಪ್ಲಾಸ್ಟಿಕ್) ಸೈಡಿಂಗ್ ಮೇಲಿನ ಹಸಿರನ್ನು ಕೂಲಿಯವರಿಂದ ಪ್ರೆಷರ್ ವಾಷ್ ಮಾಡಿಸಿದೆವು. ಹೊರಗೆ ಗೋಡೆ ಹೊಳೆಯುತ್ತಿದೆ. ಆದರೆ ಎರಡು ವಾರದಿಂದ ಆ ಗೋಡೆಯ ಒಳಬದಿಯ ಕೋಣೆಯಲ್ಲಿ ಮುಗ್ಗುಲು ವಾಸನೆ. ಎರಡಕ್ಕೂ ಸಂಬಂಧವಿದೆಯೇ?

ಉತ್ತರ: ಇರುವ ಸಾಧ್ಯತೆಯೇ ಹೆಚ್ಚು. ಸೈಡಿಂಗ್ ಪಟ್ಟಿಗಳು ಹೆಂಚಿನಂತೆ ಮೇಲಿನದು ಕೆಳಗಿನದರ ಮೇಲೆ ಬರುವಂತೆ ಕೂತಿರುತ್ತವೆ. ಮೇಲಿಂದ ಬೀಳುವ ಮಳೆಗೆ ಆ ಜೋಡಣೆ ಹೇಳಿ ಮಾಡಿಸಿದ್ದು. ಕೆಳಗಿನಿಂದ ಮೇಲಕ್ಕೆ ಚಿಮ್ಮುವ ನೀರನ್ನು ತಡೆಯಲೆಂದು ಮಾಡಿದ್ದಲ್ಲ. ಪಟ್ಟಿಗಳ ಕೆಳಅಂಚಿನಲ್ಲಿ ಒಳನುಗ್ಗಿದ ಅಲ್ಪಸ್ವಲ್ಪ ನೀರು ಹೊರಬರಲೆಂದು ಬಿಟ್ಟ ಸಣ್ಣ ತೂತುಗಳಿರುತ್ತವೆ. ನೆಲದ ಮೇಲೆ ನಿಂತು ಗನ್ನನ್ನು ಮೇಲ್ಮುಖವಾಗಿ ಹಿಡಿದರೆ ಆ ತೂತುಗಳೂ, ಪಟ್ಟಿಗಳ ಸಂದಿಗಳೂ ನೀರು ಒಳಹೋಗುವ ದಾರಿಗಳಾಗುತ್ತವೆ. ಕಿಟಕಿಯ ಚೌಕಟ್ಟು, ಹೊರಗಿನ ದೀಪ, ವಿದ್ಯುತ್ ಸಾಕೆಟ್, ಗಾಳಿಯ ಜಾಲರಿ ಇವುಗಳ ಸುತ್ತಲೂ ಇದೇ ಕಥೆ.

ಕಟ್ಟಡದ ಒಳಭಾಗ ಒದ್ದೆಯಾದಾಗ 24ರಿಂದ 48 ಗಂಟೆಯೊಳಗೆ ಒಣಗಿಸಿದರೆ ಸಾಮಾನ್ಯವಾಗಿ ಬೂಷ್ಟು ಹಿಡಿಯುವುದಿಲ್ಲ ಎಂಬುದು ಸಾಮಾನ್ಯ ನಿಯಮ. ಆ ಅವಧಿ ದಾಟಿರುವುದರಿಂದ ವಾಸನೆ ಹೆಚ್ಚಿರುವ ಜಾಗದ ಹೊರಗಡೆ ಒಂದೆರಡು ಪಟ್ಟಿಗಳನ್ನು ಬಿಚ್ಚಿಸಿ ನೋಡುವುದು ಅಗತ್ಯ. ಇದಕ್ಕೆಂದೇ ಕೊಕ್ಕೆಯಂಥ ಒಂದು ಸಣ್ಣ ಸಲಕರಣೆ ಇರುವುದರಿಂದ ಪಟ್ಟಿ ಒಡೆಯದೆ ಬಿಚ್ಚಿಕೊಳ್ಳುತ್ತದೆ. ಒಳಗಿನ ಶಾಖನಿರೋಧಕ ಹೊದಿಕೆ ನೆಂದು ಮುದ್ದೆಯಾಗಿದ್ದರೆ ಅದನ್ನು ಬದಲಿಸದೆ ಗತಿಯಿಲ್ಲ. ಕೋಣೆಯ ಒಳಗೋಡೆಗೆ ಬಣ್ಣ ಬಳಿದು ವಾಸನೆಯನ್ನು ಅಡಗಿಸುವ ಸಲಹೆಯನ್ನು ಯಾರಾದರೂ ಕೊಟ್ಟರೆ ಕೇಳಬೇಡಿ.

ಮುಂದಿನ ಸಲ ಯಂತ್ರವನ್ನು ಹೊರಗೆ ತೆಗೆಯುವ ಮುನ್ನ ಮೂರು ಪಾಲು ವಿನೆಗರಿಗೆ ಏಳು ಪಾಲು ನೀರು ಬೆರೆಸಿ, ಉದ್ದ ಹಿಡಿಯ ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ ನೋಡಿ. ತೆಳುವಾಗಿ ಹಿಡಿದ ಬೂಷ್ಟು ಅಷ್ಟಕ್ಕೇ ಬಿಟ್ಟುಕೊಳ್ಳುತ್ತದೆ. ದ್ರಾವಣವನ್ನು ಗೋಡೆಯ ಕೆಳಗಿನಿಂದ ಮೇಲಕ್ಕೆ ಹಚ್ಚುತ್ತಾ ಹೋಗಿ, ತೊಳೆಯುವಾಗ ಮೇಲಿನಿಂದ ಕೆಳಕ್ಕೆ ಬನ್ನಿ. ಒಣ ಗೋಡೆಯ ಮೇಲೆ ದ್ರಾವಣ ಮೇಲಿನಿಂದ ಸೋರಿ ಇಳಿದರೆ ಅದರ ಗೆರೆಗಳು ಕಲೆಗಳಾಗಿ ಉಳಿದುಬಿಡುತ್ತವೆ. ಯಂತ್ರ ಬಳಸುವುದೇ ಆದರೆ ನೀರು ಕಣ್ಣಿನ ಮಟ್ಟದಲ್ಲಿ ನೇರವಾಗಿ ಅಥವಾ ತುಸು ಇಳಿಮುಖವಾಗಿ ಬೀಳಲಿ. ಎತ್ತರಕ್ಕೆ ಉದ್ದನೆಯ ಕೊಳವೆ ಜೋಡಿಸಿ, ಏಣಿ ಹತ್ತಬೇಡಿ. ಕುದುರೆ ಒತ್ತಿದ ಕ್ಷಣ ಗನ್ ಹಿಂದಕ್ಕೆ ಒದೆಯುತ್ತದೆ, ಏಣಿಯ ಮೇಲಿದ್ದವರಿಗೆ ಅಷ್ಟೇ ಸಾಕು.

ಪ್ರಶ್ನೆ: ತಿಳಿಬಣ್ಣದ ಸೈಡಿಂಗ್ ಮೇಲೆ ಡಾಂಬರಿನ ಹನಿಯಂಥ ಸಣ್ಣ ಕಪ್ಪು ಚುಕ್ಕೆಗಳು ನೂರಾರು ಇವೆ. ನೀರಿಗೂ ಬ್ಲೀಚಿಗೂ ಜಗ್ಗುತ್ತಿಲ್ಲ. ಇದು ಯಾವ ಬೂಷ್ಟು?

ಉತ್ತರ: ಇದು ಗೋಡೆಯ ಮೇಲೆ ಬೆಳೆದದ್ದೇ ಅಲ್ಲ, ಗೋಡೆಗೆ ಬಂದು ಬಡಿದದ್ದು. ನಿಮ್ಮ ಗೋಡೆಯ ಬುಡದಲ್ಲಿ ಗಿಡಗಳಿಗೆ ಮರದ ಚಕ್ಕೆಯ ಹೊದಿಕೆ ಹಾಕಿದ್ದೀರಾ ನೋಡಿ. ತೇವದಿಂದ ಕೊಳೆಯುವ ಆ ಚಕ್ಕೆಗಳಲ್ಲಿ ಸ್ಫೀರೊಬೋಲಸ್ ಎಂಬ ಪುಟ್ಟ ಅಣಬೆ ಬೆಳೆಯುತ್ತದೆ. ಬಟ್ಟಲಿನಂಥ ಅದರ ದೇಹದೊಳಗಿನ ಪೊರೆ ಪಟ್ಟನೆ ಹೊರಮಗುಚಿ, ಬೀಜಕಣ ತುಂಬಿದ ಒಂದೆರಡು ಮಿಲಿಮೀಟರಿನ ಉಂಡೆಯನ್ನು ಬೆಳಕಿನ ಕಡೆಗೆ ಹಲವು ಮೀಟರ್ ದೂರ ಸಿಡಿಸುತ್ತದೆ. ಬೆಳಕನ್ನು ಪ್ರತಿಫಲಿಸುವ ತಿಳಿಬಣ್ಣದ ಗೋಡೆಯೂ ಗುರಿಯಾಗುವುದು ಹೀಗೆ. ಇಂಗ್ಲಿಷಿನಲ್ಲಿ ಇದಕ್ಕೆ ಫಿರಂಗಿ ಅಣಬೆ ಎಂಬರ್ಥದ ಹೆಸರು ಇಟ್ಟಿದ್ದಾರೆ, ಸರಿಯಾದ ಹೆಸರೇ. ಒಣಗಿದ ಉಂಡೆಯ ಅಂಟು ಎಷ್ಟು ಗಟ್ಟಿಯೆಂದರೆ ಅದನ್ನು ಕಿತ್ತೆಬ್ಬಿಸುವಷ್ಟು ಬಿರುಸಿನ ನೀರು ಸೈಡಿಂಗನ್ನೇ ಮೊದಲು ಸೀಳೀತು. ಹೊಸದಾಗಿ ಬಿದ್ದವನ್ನು ನೆನೆಸಿ ಒಂದೊಂದಾಗಿ ಕೆರೆಯಬಹುದು, ಹಳೆಯವು ಹೋದರೂ ಕಂದು ಕಲೆ ಬಿಡುತ್ತವೆ. ಚಕ್ಕೆಯ ಹೊದಿಕೆಯನ್ನು ತೆಗೆದು ಗೋಡೆಯ ಬುಡಕ್ಕೆ ಜಲ್ಲಿಕಲ್ಲು ಹಾಕಿದರೆ ಹೊಸ ಚುಕ್ಕೆಗಳು ನಿಲ್ಲುತ್ತವೆ.

ಪ್ರಶ್ನೆ: ಹಳೆಯ ಬಣ್ಣ ಹಕ್ಕಳೆಯೇಳುತ್ತಿರುವ ಗೋಡೆಗೆ, ಕಲ್ನಾರಿನ ಸಿಮೆಂಟ್ ಶೀಟಿಗೆ ಯಂತ್ರ ಬಳಸಬಹುದೇ?

ಉತ್ತರ: ಎರಡಕ್ಕೂ ಬೇಡ. ಹಳೆಯ ಬಣ್ಣದಲ್ಲಿ ಸೀಸವಿರಬಹುದು. ಬಿರುಸಿನ ನೀರು ಅದನ್ನು ಚೂರುಚೂರಾಗಿಸಿ ಮಕ್ಕಳು ಆಡುವ ಮಣ್ಣಿಗೆ ಬೆರೆಸುತ್ತದೆ. ಮೊದಲು ಪರೀಕ್ಷೆ ಮಾಡಿಸಿ. ಕಲ್ನಾರಿನ ಶೀಟಿನ ಮೇಲ್ಮೈ ಸವೆದರೆ ಶ್ವಾಸಕೋಶಕ್ಕೆ ಮಾರಕವಾದ ಎಳೆಗಳು ಬಿಡುಗಡೆಯಾಗುತ್ತವೆ.

ಪ್ರಶ್ನೆ: ನಮ್ಮದು ಮರದ ಪುಡಿ ಮತ್ತು ಪ್ಲಾಸ್ಟಿಕ್ ಬೆರೆಸಿ ಮಾಡಿದ ಕಾಂಪೊಸಿಟ್ ಡೆಕ್. ಬೂಷ್ಟು ಹಿಡಿಯುವುದೇ ಇಲ್ಲವೆಂದು ಹೇಳಿ ಕೊಟ್ಟಿದ್ದರು. ಈಗ ಕಪ್ಪು ಚುಕ್ಕೆಗಳಿವೆ.

ಉತ್ತರ: ಅದರಲ್ಲಿರುವ ಮರದ ಪುಡಿಯೂ ಮರವೇ. ಮೇಲ್ಮೈಯಲ್ಲಿ ಕುಳಿತ ಪರಾಗ ಧೂಳುಗಳೂ ಬೂಷ್ಟಿಗೆ ಆಹಾರವೇ. ಸೋಪು ನೀರು, ಮೆತ್ತನೆಯ ಬ್ರಷ್ ಸಾಮಾನ್ಯವಾಗಿ ಸಾಕಾಗುತ್ತದೆ. ಯಂತ್ರ ಬಳಸುವ ಮುನ್ನ ತಯಾರಕರ ಕೈಪಿಡಿಯಲ್ಲಿ ಒತ್ತಡದ ಮಿತಿಯನ್ನು ಓದಿಕೊಳ್ಳಿ. ಅದನ್ನು ಮೀರಿದರೆ ಗ್ಯಾರಂಟಿ ರದ್ದಾಗುವುದುಂಟು.

ಪ್ರಶ್ನೆ: ಬರಿಯ ನೀರು ತಾನೇ? ಕೈಗವಸು, ಬೂಟು ಎಂದು ಇಷ್ಟೊಂದು ಹೆದರಿಸುವುದೇಕೆ?

ಉತ್ತರ: ಇಷ್ಟು ಒತ್ತಡದ ನೀರು ಚರ್ಮವನ್ನು ತೂತು ಮಾಡಿ ಒಳಗೆ ನುಗ್ಗುತ್ತದೆ. ಹೊರಗೆ ಕಾಣುವುದು ಸೂಜಿ ಚುಚ್ಚಿದಷ್ಟು ಗಾಯ, ಮೊದಲಿಗೆ ನೋವೂ ಹೆಚ್ಚಿರಲಿಕ್ಕಿಲ್ಲ. ಒಳಗೆ ಮಾತ್ರ ನೀರು, ಕೊಳೆ, ರೋಗಾಣುಗಳು ಮಾಂಸಖಂಡಗಳ ನಡುವೆ ಹರಡಿಕೊಂಡಿರುತ್ತವೆ. ತಡಮಾಡಿದರೆ ಬೆರಳನ್ನೇ ಕಳೆದುಕೊಳ್ಳುವ ಸಂಭವವಿದೆ. ಪಟ್ಟಿ ಕಟ್ಟಿಕೊಂಡು ಮಲಗದೆ ಅದೇ ಗಂಟೆಯಲ್ಲಿ ಆಸ್ಪತ್ರೆಗೆ ಹೋಗಿ, ಪ್ರೆಷರ್ ವಾಷರ್‌ನಿಂದ ಆದ ಗಾಯವೆಂದು ವೈದ್ಯರಿಗೆ ಬಿಡಿಸಿ ಹೇಳಬೇಕು. ಚಪ್ಪಲಿ ಹಾಕಿಕೊಂಡು ಕಾಲಿನ ಕೊಳೆಯನ್ನು ಅದೇ ಗನ್ನಿನಿಂದ ತೊಳೆದುಕೊಳ್ಳುವವರನ್ನು ನೋಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಬರೆಯುತ್ತಿದ್ದೇನೆ. ಕಣ್ಣಿಗೆ ಕನ್ನಡಕ, ಕಾಲಿಗೆ ಮುಚ್ಚಿದ ಬೂಟು ಇರಲೇಬೇಕು. ವಿದ್ಯುತ್ ಯಂತ್ರವನ್ನು ಸೋರಿಕೆಯಾದಾಗ ತಾನೇ ಕಡಿದುಕೊಳ್ಳುವ ಸುರಕ್ಷಾ ಸ್ವಿಚ್ಚಿನ ಮೂಲಕವೇ ಜೋಡಿಸಿ. ಪೆಟ್ರೋಲ್ ಯಂತ್ರವನ್ನು ಗ್ಯಾರೇಜಿನೊಳಗೆ, ಬಾಗಿಲು ತೆರೆದಿದ್ದರೂ ಸರಿ, ಚಾಲೂ ಮಾಡಬೇಡಿ. ಅದು ಬಿಡುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ.

ಪ್ರಶ್ನೆ: ತೊಳೆದಾದ ಮೇಲೆ ಬೂಷ್ಟು ಬೇಗ ಮರಳದಂತೆ ಏನು ಮಾಡಬೇಕು? ಮರಕ್ಕೆ ನೀರಿಳಿಯದಂತೆ ತಡೆಯುವ ಸೀಲರ್ ಯಾವಾಗ ಬಳಿಯಬೇಕು?

ಉತ್ತರ: ಬೂಷ್ಟು ಎಲ್ಲಿ ಮರಳುತ್ತದೆ ಎಂಬುದನ್ನು ಗಮನಿಸಿದರೆ ಕಾರಣವೂ ಅಲ್ಲೇ ಕಾಣುತ್ತದೆ. ಹೂಕುಂಡದ ಕೆಳಗೆ ದುಂಡಗೆ ಕಪ್ಪಾದರೆ ಕುಂಡಕ್ಕೆ ಕಾಲು ಕೊಟ್ಟು ಎತ್ತರಿಸಿ. ಸೂರಿನಡಿಯ ಹಲಗೆಗಳಷ್ಟೇ ಕಪ್ಪಾದರೆ ನೀರಿನ ದೋಣಿ ಎಲೆಗಳಿಂದ ಕಟ್ಟಿಕೊಂಡು ತುಳುಕುತ್ತಿದೆ ಎಂದರ್ಥ. ಗೋಡೆಗೆ ತಾಗಿ ಬೆಳೆದ ಪೊದೆಯ ಹಿಂದೆ ಮಾತ್ರ ಹಸಿರಿದ್ದರೆ ಪೊದೆಯನ್ನು ಒಂದು ಮೊಳದಷ್ಟಾದರೂ ಹಿಂದಕ್ಕೆ ಸವರಿ. ಡೆಕ್ಕಿನ ಅಡಿಭಾಗವನ್ನು ಅಂದಕ್ಕೆಂದು ಪೂರ್ತಿ ಮುಚ್ಚಿದ್ದರೆ ಜಾಲರಿ ಹಾಕಿ ಗಾಳಿಯಾಡಲು ಬಿಡಿ. ಮರದ ತೇವ ಶೇಕಡಾ 20ನ್ನು ಮೀರಿ ಬಹುಕಾಲ ನಿಂತರೆ ಬೂಷ್ಟಿನ ಹಿಂದೆಯೇ ಮರವನ್ನು ನಿಜವಾಗಿ ತಿನ್ನುವ ಶಿಲೀಂಧ್ರಗಳು ಬರುತ್ತವೆ. ಅವು ಮರದ ಬಲವನ್ನೇ ಕಸಿಯುವುದರಿಂದ ತೊಳೆಯುವ ಮಾತು ಅಲ್ಲಿಗೆ ಮುಗಿದು ಹಲಗೆ ಬದಲಿಸುವ ಮಾತು ಬರುತ್ತದೆ. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದಾಗ ಮರ ಮೆತ್ತಗೆ ತಗ್ಗಿದರೆ ಆ ಹಲಗೆಯ ಮೇಲೆ ಯಂತ್ರ ಹಿಡಿಯುವ ಶ್ರಮವೂ ದಂಡ.

ಸೀಲರಿಗೆ ಅವಸರ ಬೇಡ. ಒದ್ದೆ ಮರಕ್ಕೆ ಬಳಿದರೆ ತೇವವನ್ನು ಒಳಗೇ ಕೂಡಿಹಾಕಿದ ಹಾಗೆ. ತೊಳೆದ ಮೇಲೆ ಒಣ ಹವೆಯಲ್ಲಿ ಕನಿಷ್ಠ ಎರಡು ಮೂರು ದಿನ ಬಿಡಿ, ತೇವಮಾಪಕ ಇದ್ದರೆ ಶೇಕಡಾ 15ಕ್ಕಿಂತ ಕೆಳಗಿಳಿಯುವವರೆಗೆ ಕಾಯಿರಿ. ಬೂಷ್ಟುನಾಶಕ ಸೇರಿಸಿದ, ಮರದೊಳಗೆ ಇಳಿಯುವ ಬಗೆಯ ಸೀಲರ್ ಆರಿಸಿ. ಮೇಲೆ ಪದರ ಕಟ್ಟುವಂಥದ್ದು ಮುಂದೊಂದು ದಿನ ಹಕ್ಕಳೆಯೆದ್ದು, ಅದರಡಿ ನೀರು ಸೇರುತ್ತದೆ. ತೇವಮಾಪಕ ಇಲ್ಲದವರು ಡೆಕ್ಕಿನ ನಾಲ್ಕಾರು ಕಡೆ, ಮುಖ್ಯವಾಗಿ ನೆರಳಿನ ಮೂಲೆಯಲ್ಲಿ, ನಾಲ್ಕು ಹನಿ ನೀರು ಚಿಮುಕಿಸಿ ನೋಡಲಿ. ಹನಿಗಳು ಮಣಿಗಳಂತೆ ಹಾಗೇ ನಿಂತರೆ ಹಳೆಯ ಸೀಲರ್ ಇನ್ನೂ ಉಳಿದಿದೆ ಅಥವಾ ಮರ ಒಣಗಿಲ್ಲ. ಕೆಲವೇ ನಿಮಿಷಗಳಲ್ಲಿ ಹೀರಿಕೊಂಡು ಕಲೆಯಷ್ಟೇ ಉಳಿದರೆ, ಆ ಕಲೆ ಒಣಗಿದ ಮೇಲೆ ಡಬ್ಬಿ ತೆರೆಯಬಹುದು.